ಮಾಬ್ಲನ ಭರತದ ಲೆಕ್ಕ

ಮಾಬ್ಲ ಹರಿಕಂತ್ರನಿಗೆ ಸಮುದ್ರದ ಹೊತ್ತು ಗೊತ್ತಿತ್ತು. ಕಾಸರಕೋಡಿನ ಮೀನುಗಾರರಲ್ಲಿ ಯಾರಿಗೆ ಗೊತ್ತಿರುವುದಿಲ್ಲ ಎಂದು ನೀವು ಕೇಳಬಹುದು. ಗೊತ್ತಿರುತ್ತದೆ, ಆದರೆ ಉಳಿದವರದೆಲ್ಲ ಕಣ್ಣಂದಾಜು. ಮಾಬ್ಲನದು ಲೆಕ್ಕ. ಅಮಾವಾಸ್ಯೆಗೂ ಹುಣ್ಣಿಮೆಗೂ ಬೆಳಗಿನ ಹನ್ನೊಂದಕ್ಕೆ ಭರತ, ಅಂದರೆ ಸಮುದ್ರದ ಉಬ್ಬರ, ತುಂಬುತ್ತದೆ; ರಾತ್ರಿ ಹನ್ನೊಂದಕ್ಕೆ ಇನ್ನೊಮ್ಮೆ. ಅಲ್ಲಿಂದ ಮುಂದೆ ತಿಥಿಗೆ ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ಕೂಡಿಸುತ್ತ ಹೋಗಬೇಕು. ಪಾಡ್ಯಕ್ಕೆ ಹನ್ನೊಂದೂ ನಲವತ್ತೆಂಟು, ಬಿದಿಗೆಗೆ ಹನ್ನೆರಡೂ ಮೂವತ್ತಾರು. ಬೆಳಿಗ್ಗೆ ಎದ್ದವನೇ ಪಂಚಾಂಗ ತೆಗೆದು ಅಂದಿನ ತಿಥಿ ನೋಡಿ, ಬೆರಳು ಮಡಚಿ, ಇಂಥ ಹೊತ್ತಿಗೆ ನೀರು ತುಂಬುತ್ತದೆ ಎಂದು ಹೇಳಿಬಿಡುತ್ತಿದ್ದ. ಅಪ್ಪನಿಂದ ಬಂದ ವಿದ್ಯೆ. ಅಪ್ಪ ಗಳಿಗೆಯಲ್ಲಿ ಹೇಳಿದ್ದನ್ನು ಇವನು ಶಾಲೆಯ ಗಡಿಯಾರದ ಗಂಟೆ ನಿಮಿಷಕ್ಕೆ ತಿರುಗಿಸಿಕೊಂಡಿದ್ದ.

ಶಾಲೆ ಎಂದರೆ ಹೊನ್ನಾವರದ ಕಡೆಯ ಒಂದು ಹೈಸ್ಕೂಲು. ಅಲ್ಲಿಯ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದ. ಹತ್ತನೆಯ ಪರೀಕ್ಷೆಗೆ ಮೂರು ಸಲ ಕಟ್ಟಿ ಮೂರು ಸಲವೂ ಇಂಗ್ಲಿಷಿನಲ್ಲಿ ಮುಗ್ಗರಿಸಿದವನಿಗೆ ಮೇಷ್ಟರ ಖುರ್ಚಿ ಎಲ್ಲಿಂದ ಬರಬೇಕು? ಆದರೆ ಕೈ ಮಾತ್ರ ಬಂಗಾರ. ಸುಟ್ಟ ಬಲ್ಬಿಗೆ ನೀರು ತುಂಬಿ ಭೂತಗನ್ನಡಿ, ಸೈಕಲ್ ಚಕ್ರದಿಂದ ರಾಟೆ, ತೆಂಗಿನ ಗರಟೆಯಿಂದ ತಕ್ಕಡಿ ಮಾಡುತ್ತಿದ್ದ. ಮಕ್ಕಳಿಗೆ ಒಂದು ಮಾತು ಹೇಳುತ್ತಲೇ ಇರುತ್ತಿದ್ದ: ಒಂದು ಅಳತೆಯನ್ನು ಮೂರು ಸಲ ತೆಗೆಯಿರಿ, ಮೂರೂ ಕೂಡಿ ಬಂದರೆ ಮಾತ್ರ ಬರೆಯಿರಿ. ತನ್ನ ಭರತದ ಲೆಕ್ಕವನ್ನು ಅವನು ಒಂದು ಸಲವೂ ಅಳೆದು ನೋಡಿರಲಿಲ್ಲ. ಅಪ್ಪ ಹೇಳಿದ್ದನ್ನು ಅಳೆಯುವುದುಂಟೇ? ಎಂದಾದರೂ ಯಾರಾದರೂ ಬಂದು "ಮಾಬ್ಲಣ್ಣ, ಇವತ್ತು ನೀರು ಬೇಗ ತಿರುಗಿತಲ್ಲ" ಎಂದರೆ ಗಾಳಿಯ ಮೇಲೆ ಹಾಕುತ್ತಿದ್ದ, ಗಾಳಿ ಇರದಿದ್ದರೆ ಮಳೆಯ ಮೇಲೆ. ಜಾಣರು ತಪ್ಪು ಒಪ್ಪುವುದಿಲ್ಲ, ತಪ್ಪಿಗೆ ಒಂದು ಮನೆ ಹುಡುಕಿ ಕೊಡುತ್ತಾರೆ.

ಆ ಲೆಕ್ಕ ಬರಿಯ ಬಾಯಿಚಪಲದ್ದಾಗಿರಲಿಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಯನ್ನು ಸಣ್ಣ ದೋಣಿ ದಾಟಬೇಕಾದರೆ ಭರತ ತುಂಬಿ ನೀರು ನಿಂತಿರುವಾಗಲೇ ದಾಟಬೇಕು. ಇಳಿತ ಹಿಡಿಯಿತೆಂದರೆ ಹೊರಗೆ ಓಡುವ ಹೊಳೆಯ ನೀರು ಒಳಗೆ ನುಗ್ಗುವ ತೆರೆಗೆ ಎದುರಾಗುತ್ತದೆ. ಮರಳುದಿಬ್ಬದ ಮೇಲೆ ತೆರೆ ಗೋಡೆಯ ಹಾಗೆ ಎದ್ದು ಮುರಿದು ಬೀಳುತ್ತದೆ. ಮಳೆಗಾಲದ ಹೊಳೆಯಾದರೆ ಕೇಳುವುದೇ ಬೇಡ.

ಏಳು ವರ್ಷದ ಹಿಂದೆ, ಶ್ರಾವಣದಲ್ಲಿ, ನೂಲ ಹುಣ್ಣಿಮೆಯ ದಿನ, ಅವನ ಒಬ್ಬನೇ ಮಗ ಜಟ್ಟಿ ಅದೇ ಅಳಿವೆಯಲ್ಲಿ ಸತ್ತ. ಕೇರಿಯವರೆಲ್ಲ ಸಮುದ್ರಪೂಜೆಯ ತಯಾರಿಯಲ್ಲಿದ್ದರು. ಹಿಂದಿನ ದಿನ ಬಿಟ್ಟುಬಂದ ಬಲೆಯನ್ನು ಎತ್ತಿ ತಂದುಬಿಡುತ್ತೇನೆ ಎಂದು ಇವನೊಬ್ಬನೇ ಹೊರಟಿದ್ದ. ಬೆಳಿಗ್ಗೆ ಅಪ್ಪನನ್ನು ಕೇಳಿದಾಗ ಮಾಬ್ಲ ಪಂಚಾಂಗ ನೋಡಿ "ಹುಣ್ಣಿಮೆ ಅಲ್ಲನ? ಹನ್ನೊಂದಕ್ಕೆ ಸರಿಯಾಗಿ ದಾಟು" ಎಂದಿದ್ದ. ದೋಣಿ ಮಗುಚಿದ್ದನ್ನು ದಡದಿಂದ ನಾಲ್ಕು ಜನ ಕಂಡರು. ಹೆಣ ಮೂರನೆಯ ದಿನ ಸಿಕ್ಕಿತು.

ಜಟ್ಟಿಯ ಹೆಂಡತಿ ದೇವಿಗೆ ಆಗ ಇಪ್ಪತ್ತಾರು. ಹನ್ನೆರಡನೆಯ ದಿನದ ಊಟಕ್ಕೆ ಕೇರಿಯೆಲ್ಲ ಕೂಡಿದ್ದಾಗ ಮಾಬ್ಲ ಅಂಗಳದಲ್ಲಿ ನಿಂತು ಹೇಳಿದ: "ನಾ ಹೇಳಿದ ಹೊತ್ತಿಗೆ ದಾಟಿದ್ರೆ ನನ್ನ ಮಗ ಬದುಕ್ತಿದ್ದ. ಹೆಂಡ್ತಿ ಕೂಡ ಮಾತಾಡ್ತಾ ಕೂತು ತಡ ಮಾಡ್ದ." ದೇವಿ ಒಳಗಿನಿಂದ ಹೊರಗೆ ಬಂದು, "ನೀವು ಹೇಳಿದ ಹೊತ್ತಿಗೇ ಹೋದ್ರು, ಮಾವ" ಎಂದಳು. "ಸುಳ್ಳು!" ಎಂದು ಮಾಬ್ಲ ಕೂಗಿದ. ಜನ ಇಬ್ಬರ ಮುಖ ನೋಡಿದರು. ಒಂದು ಕಡೆ ಮೂವತ್ತು ವರ್ಷ ತಪ್ಪದ ಲೆಕ್ಕ, ಇನ್ನೊಂದು ಕಡೆ ಮನೆಗೆ ಬಂದು ಮೂರು ವರ್ಷವಾದ ಸೊಸೆ. ಯಾರ ಮಾತು ನಿಲ್ಲುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ವಾರದೊಳಗೆ ಆಕೆ ಹಸುಗೂಸನ್ನು ಎತ್ತಿಕೊಂಡು ತದಡಿಯ ತವರಿಗೆ ಹೋದಳು. ಗಂಡನನ್ನು ಮಾತಿಗೆ ಕೂರಿಸಿ ಕೊಂದವಳು ಎಂಬ ಹೆಸರೂ ಅವಳ ಹಿಂದೆಯೇ ಅಲ್ಲಿಗೆ ಹೋಯಿತು. ಮಾಬ್ಲನ ಹೆಂಡತಿ ಕುಸುಮಾ ಅಂದಿನಿಂದ ಗಂಡನ ತಟ್ಟೆಗೆ ಅನ್ನ ಬಡಿಸಿ ತಾನು ಹೊರಗೆ ಒಣಮೀನಿನ ಹತ್ತಿರ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಳು.

ಮಗ ಹೋದ, ಸೊಸೆ ಹೋದಳು, ಮೊಮ್ಮಗಳು ಹೋದಳು. ಮಾಬ್ಲನಿಗೆ ಉಳಿದದ್ದು ಒಂದೇ: ನನ್ನ ಲೆಕ್ಕ ಸರಿಯಿತ್ತು ಎಂಬುದು. ಅದನ್ನು ಹಿಡಿದುಕೊಂಡೇ ಅವನು ಬದುಕಿದ.

ನಿವೃತ್ತನಾದ ಮೇಲೆ, ಹಳೆಯ ಶಾಲೆಯ ವಿಜ್ಞಾನ ಮೇಷ್ಟರು ವಿನಾಯಕ ಒಂದು ದಿನ ಮನೆಗೆ ಬಂದರು. ಮುಂಡಗೋಡದ ಟಿಬೆಟನ್ ಮಠವೊಂದರಲ್ಲಿ ಭಿಕ್ಷುಗಳಿಗೆ ವಿಜ್ಞಾನ ಕಲಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. "ಅವರು ನಮ್ಮಂಥವರಲ್ಲ ಮಾಬ್ಲ, ಇಪ್ಪತ್ತು ವರ್ಷ ತರ್ಕ ಓದಿದವರು. ಬಾಯಿಪಾಠ ಬೇಕಾದಷ್ಟಿದೆ. ಕೈಯಲ್ಲಿ ಮಾಡಿ ನೋಡುವುದು ಬೇಕು. ಅದಕ್ಕೆ ನೀನು ಬೇಕು" ಎಂದರು. ಟ್ರಂಕಿನಲ್ಲಿ ರಾಟೆ, ಕನ್ನಡಿ, ಗರಟೆ ತುಂಬಿಕೊಂಡು ಮಾಬ್ಲ ಘಟ್ಟ ಹತ್ತಿದ.

ಮೊದಲ ದಿನವೇ ಓಡಿಬರಬೇಕೆನ್ನಿಸಿತಂತೆ. ಲೋಲಕದ ದಾರ ಉದ್ದವಾದರೆ ಅದು ನಿಧಾನವಾಗಿ ತೂಗುತ್ತದೆ ಎಂದು ತೋರಿಸಿದ್ದೇ ತಡ, ಇಬ್ಬರು ಭಿಕ್ಷುಗಳು ಎದ್ದು ನಿಂತು, ಒಬ್ಬ ಇನ್ನೊಬ್ಬನ ಮುಖದೆದುರಿಗೆ ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆದು ಕೂಗತೊಡಗಿದ. ಹೊಡೆದಾಟಕ್ಕೆ ನಿಂತರು ಎಂದುಕೊಂಡು ಮಾಬ್ಲ ಬಿಡಿಸಲು ನಡುವೆ ನುಗ್ಗಿದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಅವರ ಮಠದ ವಾದದ ಪದ್ಧತಿ, ಜಗಳವಲ್ಲ. ತಿಂಗಳು ಕಳೆಯುವುದರೊಳಗೆ ಅವರೆಲ್ಲ ಅವನನ್ನು "ಗೆನ್‌ಲಾ" ಎನ್ನತೊಡಗಿದರು. ಹಾಗೆಂದರೆ ಗುರುಗಳು ಎಂದರ್ಥ ಎಂದು ತಿಳಿದ ದಿನ ಮಾಬ್ಲ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಅವರಲ್ಲಿ ಜಾಂಪಾ ಎಂಬ ಭಿಕ್ಷು ಅವನಿಗೆ ಹತ್ತಿರದವನಾದ. ಐವತ್ತೈದರ ಆಸುಪಾಸು. ಮುಂಡಗೋಡದಲ್ಲೇ ಹುಟ್ಟಿದವನಾದ್ದರಿಂದ ಕನ್ನಡ ಸಲೀಸು. ಮಠದ ಪಂಚಾಂಗ ಗುಣಿಸುವವನು ಅವನೇ. ತಿಥಿ, ಚಂದ್ರ, ಗ್ರಹಣ ಎಂದು ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮಾಬ್ಲ ತನ್ನ ಭರತದ ಲೆಕ್ಕ ಹೇಳಿದಾಗ ಜಾಂಪಾನ ಕಣ್ಣು ಅರಳಿತು. ಅವನು ಜನ್ಮದಲ್ಲಿ ಸಮುದ್ರ ಕಂಡಿರಲಿಲ್ಲ. "ಚಂದ್ರ ನೀರು ಎಳೀತಾನಂತ ಪುಸ್ತಕದಾಗ ಓದೀನ್ರಿ. ಕಣ್ಣಿಂದ ನೋಡಬೇಕಲ್ರಿ" ಎಂದ.

ಹಾಗಾಗಿ ಮರುವರ್ಷ ಚಳಿಗಾಲದಲ್ಲಿ ಆರು ಜನ ಭಿಕ್ಷುಗಳು ಕಾಸರಕೋಡಿಗೆ ಬಂದು ಇಳಿದರು. ಅಮಾವಾಸ್ಯೆಯಿಂದ ಹುಣ್ಣಿಮೆ ದಾಟುವವರೆಗೆ, ಹದಿನೈದು ದಿನ ದಿನವೂ ನೀರು ಅಳೆಯುವುದು ಕಾರ್ಯಕ್ರಮ. ಕೆಂಪು ವಸ್ತ್ರದವರನ್ನು ನೋಡಲು ಕೇರಿ ನೆರೆಯಿತು. ಅವರಿಗೆಂದು ಕುಸುಮಾ ಹೊಸ ಮಡಕೆ ತಂದು ಮೀನು ಮುಟ್ಟದೆ ಬೇಳೆಸಾರು ಮಾಡಿದಳು. ಮರಳಿನ ಮೇಲೆ ಒಣಗಲು ಹಾಕಿದ ಬಂಗಡೆ, ಸೀಗಡಿಗಳನ್ನು ಕಂಡು ಜಾಂಪಾ ಒಂದೊಂದು ಚಾಪೆಯ ಮುಂದೂ ನಿಂತು ಮಣಮಣ ಮಂತ್ರ ಹೇಳಿದ. ಹತ್ತು ಚಾಪೆ ಆಯಿತು, ಇಪ್ಪತ್ತಾಯಿತು. ತಲೆ ಎತ್ತಿ ನೋಡಿದರೆ ಬಂದರಿನವರೆಗೂ ಚಾಪೆಯೇ. "ಇದು ಒಬ್ಬನ ಕೈಲಾಗೂ ಕೆಲಸ ಅಲ್ರಿ" ಎಂದು ನಕ್ಕು, ಎಲ್ಲಕ್ಕೂ ಸೇರಿಸಿ ಒಂದು ಸಲ ಕೈಮುಗಿದ.

ಹೊಳೆಯ ಬಾಯಿಯ ಹತ್ತಿರ ಒಂದು ಬಿದಿರಿನ ಗಳ ನೆಟ್ಟರು. ಅದಕ್ಕೆ ಮಾಬ್ಲ ಕೆಂಪು ಬಿಳಿ ಬಣ್ಣದಲ್ಲಿ ಇಂಚಿನ ಗೆರೆ ಹಾಕಿದ್ದ. ಭಿಕ್ಷುಗಳು ಪಾಳಿಯ ಮೇಲೆ ಕೂತು ಕಾಲುಗಂಟೆಗೊಮ್ಮೆ ನೀರು ಎಷ್ಟನೆಯ ಗೆರೆಯಲ್ಲಿದೆ ಎಂದು ಬರೆಯುತ್ತಿದ್ದರು. ಭರತ ತುಂಬಿದ ಹೊತ್ತನ್ನು ಒಂದು ಹಲಗೆಯ ಮೇಲೆ ಮೊಳೆ ಹೊಡೆದು ಗುರುತಿಸುವುದು, ಮೊಳೆಯಿಂದ ಮೊಳೆಗೆ ದಾರ ಕಟ್ಟುವುದು. ಮಾಬ್ಲ ದಿನವೂ ಬೆಳಿಗ್ಗೆ ಪಂಚಾಂಗ ನೋಡಿ ಮುಂಚಿತವಾಗಿಯೇ ಹೊತ್ತು ಹೇಳಿಬಿಡುತ್ತಿದ್ದ. ಅವನ ಮೊಳೆ ಹಸಿರು, ನೀರಿನ ಮೊಳೆ ಕೆಂಪು. ಎರಡೂ ಅಕ್ಕಪಕ್ಕದಲ್ಲೇ ಬೀಳುತ್ತಿದ್ದವು. ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷದ ಅಂತರ. ವಿನಾಯಕ ಮೇಷ್ಟರೇ ಬೆಕ್ಕಸ ಬೆರಗಾದರು. "ನೋಡಿದ್ರಾ?" ಎಂದು ಮಾಬ್ಲ ಮೀಸೆ ತಿರುವಿದ. ಏಳು ವರ್ಷದಿಂದ ಅವನು ಅಷ್ಟು ಗೆಲುವಾಗಿದ್ದುದನ್ನು ಕುಸುಮಾ ಕಂಡಿರಲಿಲ್ಲ.

ತ್ರಯೋದಶಿಯ ದಿನ ಮಾಬ್ಲ ಬೆಳಗಿನ ಒಂಬತ್ತೂ ಇಪ್ಪತ್ತನಾಲ್ಕು ಎಂದ. ನೀರು ಒಂಬತ್ತೂವರೆಗೆ ತುಂಬಿತು. ಮಾರನೆಯ ದಿನ ಪಂಚಾಂಗ ತೆಗೆದರೆ ಹುಣ್ಣಿಮೆ. ನಡುವಿನ ಚತುರ್ದಶಿ ಇಲ್ಲ. ಹೀಗೆ ಒಂದೊಂದು ಸಲ ತಿಥಿ ಲೋಪವಾಗುವುದುಂಟು. ತಿಥಿ ಒಂದು ಸೂರ್ಯೋದಯದ ನಂತರ ಹುಟ್ಟಿ ಮುಂದಿನ ಸೂರ್ಯೋದಯದೊಳಗೇ ಮುಗಿದರೆ ಅದಕ್ಕೆ ದಿನವೇ ಸಿಗುವುದಿಲ್ಲ, ಅದು ಕ್ಷಯತಿಥಿ. ಮಾಬ್ಲನಿಗೆ ಇದು ಹೊಸತೇನಲ್ಲ. ಹುಣ್ಣಿಮೆಯೆಂದರೆ ಹನ್ನೊಂದು ಗಂಟೆ, ಅಷ್ಟೆ. ಹನ್ನೊಂದಕ್ಕೆ ಹಸಿರು ಮೊಳೆ ಹೊಡೆದು ಚಹಾ ಕುಡಿಯಲು ಹೋದ.

ಹತ್ತೂಮುಕ್ಕಾಲಿಗೆ ಅವನು ಬಂದಾಗ ಗಳದ ಮೇಲಿನ ಒದ್ದೆ ಗುರುತು ನೀರಿಗಿಂತ ನಾಲ್ಕು ಇಂಚು ಮೇಲಿತ್ತು.

"ಹತ್ತೂಕಾಲಿಗೆ ತುಂಬಿತ್ರಿ ಗೆನ್‌ಲಾ. ಆಮೇಲೆ ಇಳಿಯಾಕ ಹತ್ತಿತು" ಎಂದ ಜಾಂಪಾ.

"ಸಾಧ್ಯ ಇಲ್ಲ. ಗಳ ಮೇಲೆದ್ದಿರಬೇಕು."

ಗಳ ಅಲ್ಲಾಡಿಸಿ ನೋಡಿದರು, ಅದು ಕದಲಲಿಲ್ಲ. ಗಡಿಯಾರ ತಾಳೆ ನೋಡಿದರು, ಮೂರು ಗಡಿಯಾರವೂ ಒಂದೇ ಹೊತ್ತು ಹೇಳಿದವು. ಗಾಳಿ ಇರಲಿಲ್ಲ. ಮಳೆಯ ಮಾತೇ ಇಲ್ಲ. ಮಾಬ್ಲ ಹಲಗೆಯ ಮುಂದೆ ನಿಂತ. ಕೆಂಪು ದಾರ ಹದಿನಾಲ್ಕು ದಿನದಿಂದ ಬಂದ ಹಾಗೆಯೇ ನೆಟ್ಟಗೆ, ಎರಡು ಗಳಿಗೆಯಷ್ಟೇ ಸರಿದು ಮುಂದೆ ಹೋಗಿತ್ತು. ಅವನ ಹಸಿರು ದಾರ ಮಾತ್ರ ಒಮ್ಮೆಲೇ ನಾಲ್ಕು ಗಳಿಗೆ ಹಾರಿತ್ತು.

ಜಾಂಪಾನಿಗೆ ಕ್ಷಣದಲ್ಲಿ ಹೊಳೆಯಿತು. ಚಪ್ಪಾಳೆ ಹೊಡೆದು ಕುಣಿದೇಬಿಟ್ಟ. "ತಿಥಿ ಹಾರಿಸಿದ್ದು ನಾವ್ರಿ! ನಮ್ಮ ಪಂಚಾಂಗದಾಗೂ ಹಿಂಗ ದಿನ ಕಡೀತೀವಿ. ನಾನೇ ಕಡಿಯಾಂವ. ಕಾಗದದ ಮ್ಯಾಲೆ ಕಡೀತೀವಿ, ಚಂದ್ರ ಎಲ್ಲಿ ಹಾರ್ತಾನ್ರಿ? ಅವ ಒಂದು ದಿನಕ್ಕ ಒಂದು ದಿನದ ದಾರಿನೇ ನಡೀತಾನ. ನೀರಿಗೆ ಪಂಚಾಂಗ ಓದಾಕ ಬರೂದಿಲ್ಲ!" ಉಳಿದ ಭಿಕ್ಷುಗಳೂ ನಕ್ಕರು. ವಿನಾಯಕ ಮೇಷ್ಟರು ಮಾಬ್ಲನ ಬೆನ್ನು ತಟ್ಟಿ, "ಭೇಷ್, ನಿನ್ನ ಲೆಕ್ಕದಿಂದಲೇ ಇವರು ಒಂದು ದೊಡ್ಡ ಪಾಠ ಕಲಿತರು ನೋಡು" ಎಂದರು. ಮಾಬ್ಲ ಅವರ ಕೈ ಸರಿಸಿ ಮನೆಯ ಕಡೆ ನಡೆದ.

ಅಟ್ಟದ ಮೇಲೆ ಹಳೆಯ ಪಂಚಾಂಗಗಳ ಕಟ್ಟು ಇತ್ತು. ಲೆಕ್ಕದವನಲ್ಲವೇ, ಒಂದನ್ನೂ ಎಸೆದಿರಲಿಲ್ಲ. ಏಳು ವರ್ಷದ ಹಿಂದಿನದು ಎಲ್ಲಿದೆ ಎಂದು ಅವನಿಗೆ ಕಣ್ಣುಮುಚ್ಚಿದರೂ ಗೊತ್ತಿತ್ತು. ಅದನ್ನು ಅಂದಿನಿಂದ ತೆರೆದಿರಲಿಲ್ಲ. ಗೊತ್ತಿದ್ದೂ ತೆರೆಯಲಿಲ್ಲವೋ, ಗೊತ್ತಿಲ್ಲದೆ ತೆರೆಯಲಿಲ್ಲವೋ ಎಂದು ನನ್ನನ್ನು ಕೇಳಬೇಡಿ. ಮನುಷ್ಯ ತನ್ನಿಂದಲೇ ಬಚ್ಚಿಡುವುದು ಬಹಳ ಇರುತ್ತದೆ. ಶ್ರಾವಣ ಶುದ್ಧದ ಪುಟ ತೆಗೆದ. ದ್ವಾದಶಿ, ತ್ರಯೋದಶಿ, ಅದರ ಕೆಳಗಿನ ಸಾಲಿನಲ್ಲಿ ನೇರ ಹುಣ್ಣಿಮೆ. ಬದಿಯಲ್ಲಿ ಸಣ್ಣ ಅಕ್ಷರ: ಚತುರ್ದಶಿ ಕ್ಷಯ.

"ಎಂತ ಹುಡುಕೂದು?" ಕುಸುಮಾ ಕೆಳಗಿನಿಂದ ಕೇಳಿದಳು.

ಮಾಬ್ಲ ಇಳಿದು ಬಂದು ಪುಟವನ್ನು ಅವಳ ಮುಂದೆ ಹಿಡಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವನೇ ಹೇಳಿದ: "ಆ ದಿವ್ಸ ನೀರು ತಿರುಗಿದ್ದು ಹತ್ತೂಕಾಲಿಗೆ. ನಾ ಹನ್ನೊಂದಕ್ಕೆ ಕಳಿಸ್ದೆ." ಕುಸುಮಾ ಕೈಯಲ್ಲಿದ್ದ ಮೊರವನ್ನು ನೆಲದ ಮೇಲಿಟ್ಟು, ಅಲ್ಲೇ ಕೂತು, ಏಳು ವರ್ಷದಲ್ಲಿ ಮೊದಲ ಸಲ ಗಂಡನ ಎದುರು ದನಿ ತೆಗೆದು ಅತ್ತಳು.

ಸಂಜೆ ಜಾಂಪಾ ಅವನನ್ನು ಹುಡುಕಿಕೊಂಡು ಬಂದಾಗ ಮಾಬ್ಲ ಮರಳಿನ ಮೇಲೆ ಕೂತಿದ್ದ. ಎಲ್ಲವನ್ನೂ ಹೇಳಿದ. ಜಾಂಪಾನ ಮುಖ ಇಳಿದುಹೋಯಿತು. ಬೆಳಿಗ್ಗೆ ತಾನು ಕುಣಿದದ್ದು ಯಾವುದರ ಮೇಲೆ ಎಂದು ಅವನಿಗೆ ಈಗ ತಿಳಿಯಿತು. "ನನ್ನನ್ನ ಕ್ಷಮಿಸ್ರಿ ಗೆನ್‌ಲಾ" ಎಂದ. ಆಮೇಲೆ, "ನಮ್ಮ ಶಾಸ್ತ್ರದಾಗ ಮನಸ್ಸಿನಾಗ ಏನಿತ್ತು ಅನ್ನೂದು ದೊಡ್ಡದ್ರಿ. ಮಗನ್ನ ಕೊಲ್ಲೂ ಮನಸ್ಸು ನಿಮಗಿರಲಿಲ್ಲ. ಅದು ಕೊಲೆ ಅಲ್ರಿ" ಎಂದ.

"ಮಗನ ವಿಷಯ ಬಿಡಿ. ಸೊಸೆಗೆ ಸುಳ್ಳಿ ಅಂದ್ನಲ್ಲ, ಆಗ ಮನಸ್ಸಿತ್ತು" ಎಂದ ಮಾಬ್ಲ. "ನನ್ನ ಲೆಕ್ಕ ಉಳೀಬೇಕಿತ್ತು. ಅದ್ಕೆ ಅವಳನ್ನ ಬಲಿ ಕೊಟ್ಟೆ."

ಇಪ್ಪತ್ತು ವರ್ಷ ತರ್ಕ ಓದಿದ ಭಿಕ್ಷು ಅವನ ಪಕ್ಕದಲ್ಲಿ ಕೂತ. ಅದಷ್ಟೇ ಆ ಹೊತ್ತಿಗೆ ಯಾರಾದರೂ ಮಾಡಬಹುದಾದದ್ದು.

ಮಾರನೆಯ ದಿನ ಬೆಳಿಗ್ಗೆ ಮಾಬ್ಲ ಕುಮಟಾದ ಬಸ್ಸು ಹತ್ತಿದ. ಜೊತೆಗೆ ಬರುತ್ತೇನೆಂದ ಜಾಂಪಾನನ್ನು ಬೇಡವೆಂದ. ಕುಮಟಾದಿಂದ ಇನ್ನೊಂದು ಬಸ್ಸು ಹಿಡಿದು ಅಘನಾಶಿನಿ ಊರಿಗೆ ಹೋಗಿ ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ ತದಡಿಗೆ ಇಳಿದ. ಏಳು ವರ್ಷದಲ್ಲಿ ಒಮ್ಮೆಯೂ ಬಾರದವನು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದ. ಬಂದರಿನ ಧಕ್ಕೆಯ ಮೇಲೆ ಸೀಗಡಿ ಆರಿಸುವ ಹೆಂಗಸರ ಸಾಲಿನಲ್ಲಿ ದೇವಿಯನ್ನು ಕಂಡ ಕೂಡಲೇ ಅವೆಲ್ಲ ಎಲ್ಲಿಗೆ ಹೋದವೋ. ಮೂವತ್ತಮೂರಕ್ಕೇ ಅವಳ ಕೂದಲು ಬೆಳ್ಳಗಾಗಿತ್ತು.

ದೇವಿ ತಲೆ ಎತ್ತಿ ನೋಡಿದಳು. ಕೈ ಒರೆಸಿಕೊಂಡು ಎದ್ದಳು. "ಮಾವ? ಅತ್ತೆಗೆ ಎಂತಾದ್ರೂ ಆತಾ?" ಎಂದಳು. ಮೊದಲ ಮಾತೇ ಅದು.

"ಅವ್ಳು ಅರಾಮಿದ್ದಾಳೆ" ಎಂದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ. ಕ್ಷಯತಿಥಿ, ಬಿದಿರಿನ ಗಳ, ಕೆಂಪು ದಾರ, ಹಸಿರು ದಾರ, ಏನೂ ಬಿಡದೆ. "ನೀ ಹೇಳಿದ್ದು ಖರೆ. ಅಂವ ನಾ ಹೇಳಿದ ಹೊತ್ತಿಗೇ ಹೋದ. ನಾ ಹೇಳಿದ ಹೊತ್ತೇ ತಪ್ಪಾಗಿತ್ತು. ಹನ್ನೆರಡನೇ ದಿವ್ಸ ಎಲ್ಲಿ ನಿಂತು ನಿನ್ನ ಸುಳ್ಳಿ ಅಂದ್ನೊ, ಅದೇ ಅಂಗಳದಲ್ಲಿ ಕೇರಿ ಕರೆದು ಹೇಳ್ತೆ. ನೀ ಬಾ." ಪಕ್ಕದ ಹೆಂಗಸರ ಕೈಗಳು ಬುಟ್ಟಿಯಲ್ಲೇ ನಿಂತವು.

ದೇವಿ ಆಶ್ಚರ್ಯಪಡಲಿಲ್ಲ. ಅವಳ ಮುಖದಲ್ಲಿ ಗೆದ್ದ ಕಳೆಯೂ ಬರಲಿಲ್ಲ. ಅವನ ತೋಳು ಹಿಡಿದು ಸ್ವಲ್ಪ ಆಚೆ, ಯಾರಿಗೂ ಕೇಳದಲ್ಲಿಗೆ ಕರೆದುಕೊಂಡು ಹೋದಳು.

"ನಂಗೆ ಗೊತ್ತಿತ್ತು, ಮಾವ."

"ಎಂತ ಗೊತ್ತಿತ್ತು?"

"ನೀರು ತಿರುಗಿದ್ದು. ದೋಣಿ ನೂಕೂಕೆ ನಾನೂ ಹೋಗಿದ್ದೆ. ಕಟ್ಟಿದ ಹಗ್ಗ ಸಮುದ್ರದ ಬದಿಗೆ ಬಿಗೀತಿತ್ತು. ನೀರು ಇಳೀತದೆ, ಇವತ್ತು ಬ್ಯಾಡ ಅಂದೆ. ಅವ್ರಿಗೂ ಕಂಡಿತ್ತು. ನಿಂತು ನೋಡಿದ್ರು. 'ಹೌದು ಕಾಣ್ತದೆ' ಅಂದ್ರು. ಮತ್ತೆ ಗಡಿಯಾರ ನೋಡ್ಕೊಂಡ್ರು. 'ಅಪ್ಪ ಹನ್ನೊಂದು ಅಂದಾನೆ, ಅಪ್ಪನ ಲೆಕ್ಕಕ್ಕಿಂತ ನನ್ನ ಕಣ್ಣು ದೊಡ್ಡದನ?' ಅಂದು ದೋಣಿ ಹತ್ತಿದ್ರು."

ಮಾಬ್ಲ ಅಲ್ಲಿದ್ದ ಬಲೆಯ ರಾಶಿಯ ಮೇಲೆ ಕೂತ. "ಇದನ್ನ ಆ ದಿವ್ಸ ಎಂತಕ್ಕೆ ಹೇಳಲಿಲ್ಲ? ಜನ ನಿನ್ನ ಮಾತು ನಂಬ್ತಿದ್ರು."

"ನೀವೂ ನಂಬ್ತಿದ್ರಿ" ಎಂದಳು ದೇವಿ. "ನಂಬಿದ್ರೆ ನೀವು ಉಳೀತಿರ್ಲಿಲ್ಲ. ಅತ್ತೆಗೆ ಮಗನೂ ಇಲ್ಲ, ಗಂಡನೂ ಇಲ್ಲ ಅಂತಾಗ್ತಿತ್ತು."

ಧಕ್ಕೆಯಿಂದ ಯಾರೋ ಅವಳ ಹೆಸರು ಕೂಗಿದರು, ಐಸಿನ ಲಾರಿ ಬಂದಿತ್ತು. "ಶಾಲೆ ಬಿಡೂ ಹೊತ್ತಾತು, ಮಗಳು ಇಲ್ಲಿಗೇ ಬರ್ತಾಳೆ. ನೋಡ್ಕೊಂಡು ಹೋಗಿ" ಎಂದು ಹೇಳಿ ದೇವಿ ಕೆಲಸಕ್ಕೆ ಹೋದಳು. ಮಾಬ್ಲ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಆ ಮಗುವಿಗೆ ತಾನು ಯಾರೆಂದು ಹೇಳಿಕೊಳ್ಳುವುದು ಎಂಬುದೇ ಅವನಿಗೆ ತಿಳಿಯಲಿಲ್ಲ.